ಅಜ್ಜಿಯ ಹಾಡು, ಅಗ್ಗದ ಮೈಕು

ನಿಮ್ಮ ಮನೆಯಲ್ಲಿ ಸೋಬಾನೆ ಹಾಡುವ ಅಜ್ಜಿ ಇದ್ದಾರೆಯೇ? ದನಿ ಇರುವಾಗಲೇ ಹಿಡಿದಿಡಿ.

1927ರ ಜುಲೈ 23ರಂದು ಮುಂಬಯಿಯಲ್ಲಿ ರೇಡಿಯೋ ಕೇಂದ್ರ ಶುರುವಾದಾಗ ಅದು ಮನೆಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಅಮೆರಿಕದ ಇ. ಸಿ. ವೆಂಟೆ 1916ರಲ್ಲೇ ಕಂಡೆನ್ಸರ್ ಮೈಕು ಮಾಡಿದ್ದರು, ನಿಜ. ತೆಳು ಪೊರೆ, ಹಿಂದೊಂದು ಲೋಹದ ತಟ್ಟೆ. ಪೊರೆ ಅಲುಗಿದಂತೆ ದನಿ ವಿದ್ಯುತ್ತಾಗುತ್ತದೆ. ಆದರೆ ಅದಕ್ಕೆ ಹೊರಗಿನಿಂದ ಹೆಚ್ಚು ವೋಲ್ಟೇಜು ಕೊಡಬೇಕಿತ್ತು, ಬೆಲೆಯೂ ದುಬಾರಿ. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ವಿದ್ಯುದಂಶವನ್ನು ತೆಳು ಹಾಳೆಯಲ್ಲೇ ಉಳಿಸಿಬಿಟ್ಟರು. ಅದೇ ಎಲೆಕ್ಟ್ರೆಟ್ ಮೈಕು.

ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೇಳಿ, ಅಂಗಿ ಗುಂಡಿಯಷ್ಟಿರುವ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. ಸೋಬಾನೆಗೆ ಒಂದು ಪೆನ್ಸಿಲ್ ಸೆಲ್ ಸಾಕು. ಯಕ್ಷಗಾನದ ಚೆಂಡೆಗೆ ಮಾತ್ರ ದನಿ ಒಡೆಯುತ್ತದೆ. ಆಗ 9 ವೋಲ್ಟ್ ಬ್ಯಾಟರಿ, ಅದಕ್ಕೆ ತಕ್ಕ ರೆಸಿಸ್ಟರ್ ಹಾಕಿಸಿ.

ನಮ್ಮ ಮಳೆಗಾಲ ಕಂಡೆನ್ಸರ್‌ಗೆ ಶತ್ರು. ತೇವ ಕೂತರೆ ಚಟಪಟ ಸದ್ದು. ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇನ್ನು ಲೋಕಲ್ ಗದ್ದಲ! ಕೊನೆಯ ಗಾಡಿ ಹೋಗುವ ತನಕ ಅಜ್ಜಿ ಎಚ್ಚರವಿರುವುದಿಲ್ಲ. ಕಿಟಕಿಗೆ ದಪ್ಪ ಕೌದಿ ತೂಗುಹಾಕಿ, ಫ್ಯಾನ್ ಆರಿಸಿ, ಬಾಯಿಂದ ಗೇಣು ದೂರದಲ್ಲಿ ಮೈಕು ಇಟ್ಟು ಹಾಡಿಸಿ.