ರಿಂಕ್ ಒಂದು, ಕಾರು ಎಷ್ಟು?

ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ತೆರೆದದ್ದು 1862ರಲ್ಲಿ. ಆಗ ಊರಿನಲ್ಲಿ ಕಾರುಗಳೇ ಇರಲಿಲ್ಲ. ಚಾವಣಿಯಡಿ ನಡೆದ ಮೊದಲ ಸಂಘಟಿತ ಐಸ್ ಹಾಕಿ ಪಂದ್ಯ, 1875ರ ಮಾರ್ಚ್ 3ರಂದು, ಇಲ್ಲೇ ಜರುಗಿತು. ಅರವತ್ತು ವರ್ಷ ದಾಟಿ ಬಾಳಿದ ಆ ರಿಂಕ್ 1925ರ ಹೊತ್ತಿಗೆ ಮುಚ್ಚಿತು. ಮುಂದೆ ಆ ಜಾಗ ಕಾರು ನಿಲ್ಲಿಸುವ ಗ್ಯಾರೇಜಿನ ಪಾಲಾಯಿತು.

ಅದೇ ಕಾಲಕ್ಕೆ ಕಾರುಗಳಿಗಾಗಿ ಕಾನೂನುಗಳೂ ಹುಟ್ಟತೊಡಗಿದ್ದವು. ಅಮೆರಿಕದ ಕೊಲಂಬಸ್ ನಗರ 1923ರಲ್ಲಿ ವಸತಿ ಸಮುಚ್ಚಯಗಳಿಗೆ, ಫ್ರೆಸ್ನೊ 1939ರಲ್ಲಿ ಆಸ್ಪತ್ರೆ, ಹೋಟೆಲುಗಳಿಗೆ ಪಾರ್ಕಿಂಗ್ ಕಡ್ಡಾಯ ಮಾಡಿದವು. ಎರಡನೇ ಮಹಾಯುದ್ಧದ ನಂತರ ಈ ಪದ್ಧತಿ ಉತ್ತರ ಅಮೆರಿಕದ ಉದ್ದಗಲಕ್ಕೂ ಹರಡಿತು. ಬಡಾವಣೆಯ ಮಕ್ಕಳು ಆಡುವ ಸಮುದಾಯ ರಿಂಕ್‌ಗಳೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಪ್ರೇಕ್ಷಕರ ಆಸನ ಎಷ್ಟು, ಕಟ್ಟಡದ ವಿಸ್ತೀರ್ಣ ಎಷ್ಟು ಎಂದು ನೋಡಿ ಕಾರುಗಳ ಸಂಖ್ಯೆ ಗೊತ್ತುಮಾಡುವುದು ರೂಢಿಯಾಯಿತು.

ಲೆಕ್ಕ ತಪ್ಪುತ್ತಿದ್ದದ್ದು ಇಲ್ಲೇ. ವಾರದ ದಿನಗಳ ಅಭ್ಯಾಸಕ್ಕೆ ಆಸನಗಳು ಬಹುಪಾಲು ಖಾಲಿ. ನಿಜವಾದ ಇಕ್ಕಟ್ಟು ಸರದಿ ಬದಲಾಗುವಾಗ. ಒಂದು ತಂಡದ ಮಕ್ಕಳು ಬಟ್ಟೆ ಬದಲಿಸಿ ಹೊರಡುವ ಮೊದಲೇ ಮುಂದಿನ ತಂಡ ಭಾರದ ಚೀಲ ಹೊತ್ತು ಬಂದಿರುತ್ತದೆ. ಎರಡೂ ತಂಡಗಳ ಕಾರುಗಳಿಗೆ ಒಟ್ಟಿಗೇ ಜಾಗ ಬೇಕು, ಆದರೆ ಸ್ವಲ್ಪ ಹೊತ್ತು ಮಾತ್ರ. ಸರದಿಗಳ ನಡುವೆ ಒಂದಿಷ್ಟು ಬಿಡುವು ಇಟ್ಟರೆ, ಮಕ್ಕಳನ್ನು ಬಾಗಿಲಲ್ಲೇ ಇಳಿಸಿಹೋಗುವ ದಾರಿ ಮಾಡಿದರೆ ಆ ಒತ್ತಡ ಎಷ್ಟೋ ಇಳಿಯುತ್ತದೆ. ಆಸನಗಳ ಲೆಕ್ಕ ಇದನ್ನೆಲ್ಲ ಗಮನಿಸುವುದೇ ಇಲ್ಲ.

ಸಂಖ್ಯೆ ಹೆಚ್ಚಿದಷ್ಟೂ ನೆಲ ಖರ್ಚಾಗುತ್ತದೆ. ಹಾಕಿ ರಿಂಕಿನ ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಅಂದರೆ 17,000 ಚದರ ಅಡಿ. ಒಂದು ಕಾರಿಗೆ ಓಡಾಟದ ದಾರಿಯೂ ಸೇರಿ ಸುಮಾರು 300 ಚದರ ಅಡಿ ಹಿಡಿದರೆ, 57 ಕಾರುಗಳು ಇಡೀ ಮಂಜುಗಡ್ಡೆಯಷ್ಟು ಜಾಗ ನುಂಗುತ್ತವೆ. ಅಷ್ಟು ನೆಲ ಊರ ನಡುವೆ ಸಿಗದಿದ್ದರೆ ರಿಂಕ್ ಊರಂಚಿಗೆ ಹೋಗುತ್ತದೆ. ಅಲ್ಲಿಗೆ ಮಕ್ಕಳು ನಡೆದು ಬರಲಾರರು, ಕಾರೇ ಬೇಕು. ಹೀಗೆ ನಿಯಮವೇ ತನ್ನ ಅಗತ್ಯವನ್ನು ಹುಟ್ಟಿಸಿಕೊಳ್ಳುತ್ತದೆ.

ಇಂಥ ಸಂಖ್ಯೆಗಳ ಹಿಂದಿರುವ ಪುರಾವೆ ಎಷ್ಟು ತೆಳುವೆಂದು ಡೊನಾಲ್ಡ್ ಶೂಪ್ 2005ರ ತಮ್ಮ ಗ್ರಂಥದಲ್ಲಿ ಬಿಡಿಸಿ ತೋರಿಸಿದರು. 2020ರಲ್ಲಿ, ಹಾಕಿಯೇ ಉಸಿರಾದ ಕೆನಡಾದ ಎಡ್ಮಂಟನ್ ನಗರ ಕನಿಷ್ಠ ಪಾರ್ಕಿಂಗ್ ನಿಯಮವನ್ನು ಊರಿಗೆ ಊರೇ ಕೈಬಿಟ್ಟಿತು. ಅಂಗವಿಕಲರಿಗೆ ಮೀಸಲಾದ ಜಾಗವನ್ನು ಮಾತ್ರ ಉಳಿಸಿಕೊಂಡಿತು. ಪಾರ್ಕಿಂಗ್ ಬೇಡವೆಂದು ಇದರ ಅರ್ಥವಲ್ಲ. ಮೈ ಕೊರೆಯುವ ಚಳಿಯ ಊರದು, ಕಾರಿಲ್ಲದೆ ಬಹಳ ಮನೆಗಳಿಗೆ ನಡೆಯದು. ಎಷ್ಟು ಬೇಕೆಂಬುದನ್ನು ಹಳೆಯ ಕೋಷ್ಟಕದ ಬದಲು ಆ ರಿಂಕ್ ಕಟ್ಟುವವರು, ಅಲ್ಲಿನ ವೇಳಾಪಟ್ಟಿ ಬಲ್ಲವರು ತೀರ್ಮಾನಿಸಲಿ ಎಂಬುದಷ್ಟೇ ಅದರ ಸಾರ.