ಕರಾವಳಿಯ ಕ್ರಿಸ್‌ಮಸ್ ಅಲಂಕಾರದಲ್ಲಿ ಋತು: ಗೋದಲಿ, ನಕ್ಷತ್ರ, ಮರ

ಮಂಗಳೂರಿನಲ್ಲಿ ಡಿಸೆಂಬರಿನ ಹಗಲು ಜುಲೈ ತಿಂಗಳ ಹಗಲಿಗಿಂತ ಬಿಸಿ. ಮಳೆಗಾಲದ ಮೋಡದಡಿ ಗರಿಷ್ಠ ಉಷ್ಣಾಂಶ 28–29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ, ಡಿಸೆಂಬರಿನ ತಿಳಿ ಆಕಾಶದಡಿ ಅದು 32–33ಕ್ಕೆ ಏರುತ್ತದೆ. ಚಳಿ ಏನಿದ್ದರೂ ಮುಂಜಾವಿನದು. ವರ್ಷದ ಅತಿ ಕಿರಿಯ ಹಗಲು ಲಂಡನ್ನಿನಲ್ಲಿ 8 ತಾಸಿಗೂ ಕಡಿಮೆ, ಇಲ್ಲಿ 11 ತಾಸಿಗೂ ಹೆಚ್ಚು. ಹಿಮವನ್ನೂ ಕತ್ತಲನ್ನೂ ಹಿನ್ನೆಲೆಯಾಗಿ ಪಡೆದ ಅಲಂಕಾರ ಇಂಥ ನೆಲದಲ್ಲಿ ಯಾವ ಋತುವನ್ನು ತೋರಿಸುತ್ತದೆ? ಮೂರು ವಸ್ತುಗಳು ಮೂರು ಬಗೆಯ ಉತ್ತರ ಕೊಡುತ್ತವೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲನೆಯದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಯೇಸುಜನನದ ದೃಶ್ಯ ಕಟ್ಟಿದರು. ಅದಕ್ಕೆ ಹಿಮ ಬೇಕಿರಲಿಲ್ಲ, ಕೊಟ್ಟಿಗೆ ಸಾಕಿತ್ತು. ಗೋವೆಯಿಂದ ವಲಸೆ ಬಂದ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಗೋದಲಿಗೆ ಹುಲ್ಲಿನ ಮಾಡು ಹೊದಿಸಿ, ಹಬ್ಬಕ್ಕೆ ಮೊದಲೇ ಗೆರಟೆ, ತಟ್ಟೆಗಳಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತಿ, ಮೊಳೆತ ಪೈರನ್ನು ಗದ್ದೆಯೆಂಬಂತೆ ಜೋಡಿಸುವುದುಂಟು. ಮಳೆಗಾಲದ ಭತ್ತದ ಬೆಳೆಯಾದ ಏಣೆಲು ಕೊಯ್ಲಾಗಿ, ಎರಡನೆಯ ಬೆಳೆಯಾದ ಸುಗ್ಗಿ ಹಸಿರಾಗಿರುವ ಕಾಲವಿದು. ಗೋದಲಿಯ ಋತು ಹೊರಗಿನ ಗದ್ದೆಯ ಋತುವೇ. ಉತ್ತರ ಕರ್ನಾಟಕದ ನವರಾತ್ರಿಯ ಘಟಸ್ಥಾಪನೆಯಲ್ಲೂ ಧಾನ್ಯ ಮೊಳೆಸುತ್ತಾರೆ. ಈ ಹೋಲಿಕೆಯಿಂದ ಒಂದು ಇನ್ನೊಂದರ ಮೂಲವೆಂದು ಹೇಳಲಾಗದು. ಬೇಸಾಯದ ನಾಡಿಗೆ ಎರಡೂ ಸಹಜ ಎಂದಷ್ಟೇ ಹೇಳಬಹುದು.

ಎರಡನೆಯದು ನಕ್ಷತ್ರ. ಕತೆಯಲ್ಲಿ ಅದು ಬೆತ್ಲೆಹೆಮಿನದು. ಕರಾವಳಿಯ ಅಂಗಳದಲ್ಲಿ ಅದಕ್ಕೆ ಮೈಕೊಟ್ಟದ್ದು ಬಿದಿರ ಸೀಳು, ಬಣ್ಣದ ಕಾಗದ. ದೀಪಾವಳಿಯ ಗೂಡುದೀಪದ ಸಾಮಗ್ರಿಯೂ ಇದೇ. ಇಲ್ಲಿ ಬೆರೆತಿರುವುದು ಕೈಕೆಲಸ, ನಂಬಿಕೆಯಲ್ಲ. ನಕ್ಷತ್ರಕ್ಕೆ ಇರುಳು ಸಾಕು, ಚಳಿಗಾಲ ಬೇಕಿಲ್ಲ.

ಮೂರನೆಯದಾದ ಮರ ಮಾತ್ರ ಚಳಿನಾಡನ್ನು ಬಿಟ್ಟುಕೊಡದು. ಜರ್ಮನ್ ನಾಡುಗಳಲ್ಲಿ 16ನೇ ಶತಮಾನದಿಂದ ಕಾಣುವ ಈ ಪದ್ಧತಿ, ಬ್ರಿಟಿಷ್ ರಾಜಮನೆತನದ ಮರದ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲಿಷ್ ಮನೆಗಳಲ್ಲಿ ವೇಗವಾಗಿ ಹರಡಿತು. ಕರಾವಳಿಯಲ್ಲಿ ಚಳಿನಾಡಿನ ಆ ಮರದ ಬದಲಿಗೆ ಗಾಳಿಮರದ ಕೊಂಬೆ ನಿಲ್ಲಿಸುತ್ತಾರೆ. ಸೂಜಿಯಂಥ ಎಸಳಿದ್ದರೂ ಇದು ಪೈನ್ ಕುಲದ್ದಲ್ಲ. ಈ ನೆಲದ್ದೂ ಅಲ್ಲ. ಕಾರವಾರದ ಮರಳಿನಲ್ಲಿ ಇದನ್ನು ನೆಟ್ಟು ಬೆಳೆಸಲು ತೊಡಗಿದ್ದು 1860ರ ದಶಕದ ಕೊನೆಯಲ್ಲಿ. ಮರದ ಜಾತಿ ಬದಲಾಯಿತು, ಆಕಾರ ಬದಲಾಗಲಿಲ್ಲ. ಮೇಲೆ ಉದುರಿಸುವ ಹತ್ತಿಯ ಹಿಮವೂ ಹಾಗೇ ಉಳಿಯಿತು.

ಈ ವ್ಯತ್ಯಾಸಕ್ಕೆ ಕಾರಣ ವಸ್ತುಗಳ ಸ್ವರೂಪದಲ್ಲಿದೆ. ಗೋದಲಿ ಕತೆ ಹೇಳುವ ದೃಶ್ಯ; ಕತೆಗೆ ಊರು ಬೇಕು, ಕಟ್ಟುವವರು ತಮ್ಮ ಊರನ್ನೇ ಕೊಡುತ್ತಾರೆ. ಮರ ಒಂದು ಗುರುತು. ರೂಪ ಕೆಟ್ಟರೆ ಗುರುತೇ ಸಿಗದು. 2011ರ ಜನಗಣತಿಯಂತೆ ಕ್ರೈಸ್ತರು ದೇಶದಲ್ಲಿ ಶೇ. 2.3, ದಕ್ಷಿಣ ಕನ್ನಡದಲ್ಲೂ ಶೇ. 8ರಷ್ಟು ಮಾತ್ರ. ಕತೆ ತಿಳಿಯದ ಗಿರಾಕಿಗೂ ಹಬ್ಬವನ್ನು ಸೂಚಿಸಬೇಕಾದ ಮಾಲ್‌ಗಳು ಮರವನ್ನೂ ಹಿಮವನ್ನೂ ಆಯ್ದುಕೊಳ್ಳುವುದು ಇದರಿಂದಲೇ.

ಆದ್ದರಿಂದ ಕ್ರಿಸ್‌ಮಸ್ ಇಲ್ಲಿ ದೇಸಿಯಾಯಿತೇ ಎಂದು ಇಡಿಯಾಗಿ ಕೇಳುವುದಕ್ಕಿಂತ ವಸ್ತುವಾರು ಕೇಳುವುದು ಸರಿ. ತಾರೀಕು ಬರೆದಿಟ್ಟ ಕುಟುಂಬದ ಫೋಟೊ ಆಲ್ಬಮ್‌ಗಳು ಇದಕ್ಕೆ ಒಳ್ಳೆಯ ಆಕರ: ಗೋದಲಿಯ ಪಕ್ಕ ಮರ ಯಾವ ದಶಕದಲ್ಲಿ ಬಂದು ನಿಂತಿತು, ಪೈರಿನ ಜಾಗಕ್ಕೆ ಹತ್ತಿ ಎಲ್ಲೆಲ್ಲಿ ಬಂತು ಎಂಬುದನ್ನು ಅವುಗಳಿಂದ ಮನೆಮನೆಯ ಮಟ್ಟದಲ್ಲಿ ಗುರುತಿಸಬಹುದು.