ಸಾಕೆಟ್ ಜೋಡಿ: ಆದೇಶ ಹೋದ ದಾರಿಯಲ್ಲೇ ಉತ್ತರ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದ ಹೊಲಗಳಿಗೆ ಕೃಷ್ಣೆಯ ನೀರನ್ನು ಒಯ್ಯುವುದು ನಾರಾಯಣಪುರ ಎಡದಂಡೆ ಕಾಲುವೆ. 10,000 ಕ್ಯುಸೆಕ್ ಸಾಮರ್ಥ್ಯದ ಈ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ‘ಸ್ಕಾಡಾ’ ವ್ಯವಸ್ಥೆ ಈ ಯೋಜನೆಯ ಭಾಗ. ಇಂಥ ವ್ಯವಸ್ಥೆಯಲ್ಲಿ ಗೇಟು ತೆರೆಯಲು ಆದೇಶ ಹೋದರಷ್ಟೇ ಸಾಲದು. ಗೇಟು ಎಷ್ಟು ತೆರೆಯಿತು, ನೀರಿನ ಮಟ್ಟ ಎಷ್ಟಿದೆ ಎಂಬ ವರದಿ ಮರಳಿ ಬರಬೇಕು. ಬಾರದಿದ್ದರೆ ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟಿತೇ ಎಂಬುದು ಕೇಂದ್ರಕ್ಕೆ ತಿಳಿಯದು.

ಒಂದೇ ಗಣಕಯಂತ್ರದೊಳಗೆ ಕೆಲಸ ಹಂಚಿಕೊಂಡ ತಂತ್ರಾಂಶಗಳಿಗೂ ಇದೇ ಅಗತ್ಯವಿದೆ. ಚಾಲನೆಯಲ್ಲಿರುವ ತಂತ್ರಾಂಶವನ್ನು ‘ಪ್ರೋಸೆಸ್’ ಎನ್ನುತ್ತಾರೆ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಪ್ರೋಸೆಸ್ ಒಂದು ‘ಫೋರ್ಕ್’ ಎಂಬ ಕರೆಯಿಂದ ತನ್ನ ಪ್ರತಿರೂಪವನ್ನು ಸೃಷ್ಟಿಸುತ್ತದೆ. ಮೂಲವನ್ನು ಪೇರೆಂಟ್ ಎಂದೂ, ಹುಟ್ಟಿದ್ದನ್ನು ಚೈಲ್ಡ್ ಎಂದೂ ಕರೆಯುವುದು ರೂಢಿ. ಇವೆರಡರ ಮೆಮೊರಿ ಪ್ರತ್ಯೇಕವಾದುದರಿಂದ ಒಂದರಲ್ಲಾದ ಬದಲಾವಣೆ ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ.

ಪೈಪ್‌ನಿಂದ ಸಾಕೆಟ್‌ಗೆ

1973ರಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಾಸ್ ಮೆಕಿಲ್ರಾಯ್ ಅವರ ಸಲಹೆಯಂತೆ ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ‘ಪೈಪ್’ ಸೌಲಭ್ಯವನ್ನು ಸೇರಿಸಿದರು. ಕಾಲುವೆಯ ನೀರಿನಂತೆ ಅದರಲ್ಲಿ ಮಾಹಿತಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉತ್ತರ ಬೇಕಾದರೆ ಎರಡನೆಯ ಪೈಪ್ ಬೇಕು. 1983ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೊರತಂದ 4.2 ಬಿಎಸ್‌ಡಿಯಲ್ಲಿ ‘ಸಾಕೆಟ್‌ಪೇರ್’ ಎಂಬ ಕರೆ ಬಂದಿತು. ಇದು ಪರಸ್ಪರ ಜೋಡಿಸಿದ ಎರಡು ತುದಿಗಳನ್ನು ಒಮ್ಮೆಗೇ ನೀಡುತ್ತದೆ. ಪ್ರತಿಯೊಂದು ತುದಿಯಲ್ಲೂ ಬರೆಯಬಹುದು, ಓದಬಹುದು. ವಿಳಾಸವಾಗಲಿ, ನೆಟ್‌ವರ್ಕ್ ಆಗಲಿ ಬೇಕಿಲ್ಲ.

ಬಳಕೆಯ ಕ್ರಮ

ಮೊದಲು ಜೋಡಿಯನ್ನು ರಚಿಸಿ, ನಂತರ ಫೋರ್ಕ್ ಮಾಡಬೇಕು. ಆಗ ಎರಡೂ ಪ್ರೋಸೆಸ್‌ಗಳ ಬಳಿ ಎರಡೂ ತುದಿಗಳಿರುತ್ತವೆ. ಪೇರೆಂಟ್ ಒಂದನ್ನು ಉಳಿಸಿಕೊಂಡು ಮತ್ತೊಂದನ್ನು ಮುಚ್ಚಬೇಕು. ಚೈಲ್ಡ್ ಇದಕ್ಕೆ ವಿರುದ್ಧವಾದುದನ್ನು ಮುಚ್ಚಬೇಕು.

ಎಚ್ಚರ ವಹಿಸಬೇಕಾದ ಅಂಶಗಳು ಮೂರು. ಪೇರೆಂಟ್ ತನಗೆ ಬೇಡದ ತುದಿಯನ್ನು ಮುಚ್ಚದಿದ್ದರೆ, ಚೈಲ್ಡ್ ಕೊನೆಗೊಂಡ ಮೇಲೂ ‘ಸಂಪರ್ಕ ಮುಗಿಯಿತು’ ಎಂಬ ಸೂಚನೆ ಅದಕ್ಕೆ ಬಾರದು. ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಎರಡೂ ಕಡೆಯವರು ಓದದೆ ಬರೆಯುತ್ತಲೇ ಹೋದರೆ ಬಫರ್ ತುಂಬಿ ಇಬ್ಬರೂ ಸ್ತಬ್ಧರಾಗುತ್ತಾರೆ. ಸ್ಟ್ರೀಮ್ ಮಾದರಿಯ ಸಾಕೆಟ್‌ನಲ್ಲಿ ಒಂದು ಸಂದೇಶ ಎಲ್ಲಿ ಮುಗಿಯಿತೆಂಬ ಗುರುತು ಇರುವುದಿಲ್ಲವಾದ್ದರಿಂದ, ಸಂದೇಶದ ಉದ್ದವನ್ನು ಮೊದಲೇ ತಿಳಿಸುವುದು ಕ್ಷೇಮ. ಯಾರು ಮೊದಲು ಮಾತನಾಡಬೇಕು, ಯಾರು ಕೇಳಬೇಕು ಎಂಬುದನ್ನು ತಂತ್ರಾಂಶ ಬರೆಯುವವರೇ ನಿಗದಿಪಡಿಸಬೇಕು.